ಗಂಟನ್ನು ಕೊಯ್ದು ತೋರಿಸಿದ ವೈದ್ಯರು

ಮನುಷ್ಯನ ತಲೆಯಿಂದಲೋ ಕುತ್ತಿಗೆಯಿಂದಲೋ ಕೊಯ್ದು ತೆಗೆದ ಗಂಟು ಆಮೇಲೆ ಯಾರ ಸೊತ್ತು ಎಂಬುದು ಕೊಪ್ಪಳ ಸೀಮೆಯ ಸಾರ್ವಜನಿಕ ಬದುಕನ್ನು ಬಹುಕಾಲ ಕಾಡಿದ ಗಹನವಾದ ಪ್ರಶ್ನೆ. ನ್ಯಾಯಾಲಯಗಳು ಈ ಕುರಿತು ಮೌನ ತಾಳಿವೆ. ಶಾಸ್ತ್ರಗ್ರಂಥಗಳಲ್ಲಿ ಸ್ಪಷ್ಟ ವಿಧಿ ಇದ್ದಂತಿಲ್ಲ. ಇದಕ್ಕೆ ತಮ್ಮದೇ ಆದ ಉತ್ತರವನ್ನು ಕಂಡುಕೊಂಡು, ಅದರ ಪರಿಣಾಮವನ್ನೂ ತಾವೇ ಅನುಭವಿಸಿದ ಡಾ. ಅಬ್ದುಲರೌಫ ಅವರು ಈ ತಿಂಗಳು ಸರ್ಕಾರಿ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ.

ನಮ್ಮ ಕಡೆ ಶಸ್ತ್ರವೈದ್ಯರೆಂದರೆ ಹೊಟ್ಟೆ ಕೊಯ್ಯುವವರು. ಹಾರ, ಶಾಲು, ಭಾವಚಿತ್ರಗಳೆಲ್ಲ ಅವರ ಪಾಲಿನವು. ಹಣೆಯ ಕೊಬ್ಬಿನ ಗಂಟು, ನೆತ್ತಿಯ ಗಡ್ಡೆ, ಕುತ್ತಿಗೆಯ ನರಹುಲಿ ಮುಂತಾಗಿ ಜೀವಕ್ಕೆ ಅಪಾಯ ಮಾಡದ, ಆದರೆ ಕನ್ನಡಿಯ ಮುಂದೆ ನೆಮ್ಮದಿಯಿಂದ ನಿಲ್ಲಗೊಡದ ಬೆಳವಣಿಗೆಗಳನ್ನು ತೆಗೆಯುವವನಿಗೆ ಊರು ಕೈ ಮುಗಿಯುವುದಿಲ್ಲ. ಕುಷ್ಟಗಿಯವರಾದ ಅಬ್ದುಲರೌಫರು ತಮ್ಮ ಸೇವೆಯ ಬಹುಭಾಗವನ್ನು ಈ ಕೀರ್ತಿಯಿಲ್ಲದ ಕೆಲಸಕ್ಕೇ ಕೊಟ್ಟರು. ಅವರೊಡನೆ ಯಲಬುರ್ಗಾದಲ್ಲಿಯೂ ಗಂಗಾವತಿಯಲ್ಲಿಯೂ ಔಷಧ ಕೊಡುವ ಕಿಟಕಿಯ ಹಿಂದೆ ಕುಳಿತಿದ್ದ ನನಗೆ ಕಂಡದ್ದಕ್ಕಿಂತ ಕೇಳಿಸಿದ್ದೇ ಹೆಚ್ಚು.

ಯಲಬುರ್ಗಾದ ಮೊದಲ ವರ್ಷಗಳಲ್ಲಿ ಜನ ನರಹುಲಿಗೆ ಕುದುರೆಯ ಬಾಲದ ಕೂದಲನ್ನು ಬಿಗಿದು, ಅದು ಕಪ್ಪಾಗಿ ನೋವೆದ್ದ ಮೇಲೆ ಬಸ್ಸು ಹತ್ತಿ ಬರುತ್ತಿದ್ದರು. ಬೇರೆ ವೈದ್ಯರಾಗಿದ್ದರೆ ಬೈಯುತ್ತಿದ್ದರು. ಇವರು, "ಕುದರಿ ತನ್ನ ಕೆಲಸ ಮಾಡೇತಿ, ಉಳಿದದ್ದು ನಾ ಮಾಡ್ತೀನಿ" ಎಂದು ಕೈಗವಸು ಹಾಕಿಕೊಳ್ಳುತ್ತಿದ್ದರು. ಹಣೆಯ ಗಾಯದ ಗುರುತು ಸುಕ್ಕಿನೊಳಗೆ ಅಡಗಬೇಕೆಂದು ರೋಗಿಗೆ ಸಿಟ್ಟು ಮಾಡಲು ಹೇಳಿ, ಮೂಡಿದ ಗೆರೆಯ ಮೇಲೆ ಶಾಯಿ ಎಳೆದು, ಅಲ್ಲಿಯೇ ಕೊಯ್ಯುವುದು ಅವರ ಪದ್ಧತಿ. ಹೆಣ್ಣುಮಗಳೊಬ್ಬಳು, "ಯಾರ ಮ್ಯಾಲ ಸಿಟ್ಟಾಗ್ಲಿರಿ?" ಎಂದು ಕೇಳಿದಾಗ, "ನಿಮ್ಮ ಮನಿಯವರು ಹೊರಗ ಕುಂತಾರಲ್ಲವಾ" ಎಂದರು. ಗೆರೆ ಒಡನೆಯೇ ಮೂಡಿತಂತೆ.

ಅವರು ಸಂಶಯದ ಮನುಷ್ಯ. ಎಷ್ಟೇ ಸಾಧುವಾಗಿ ಕಂಡ ಗಂಟನ್ನೂ ನಂಬುತ್ತಿರಲಿಲ್ಲ. ತೆಗೆದದ್ದೆಲ್ಲವನ್ನೂ ಬಾಟಲಿಯಲ್ಲಿಟ್ಟು ಪರೀಕ್ಷೆಗೆ ಕಳಿಸುತ್ತಿದ್ದರು. ಊರು ಅವರನ್ನು ಅಷ್ಟೇ ನಿಷ್ಠೆಯಿಂದ ಸಂಶಯಿಸಿತು. ಗಂಟು ಎಲ್ಲಿಗೆ ಹೋಗುತ್ತದೆ? ಕಿಟಕಿಯ ಮುಂದಿನ ಸಾಲಿನಲ್ಲಿ ಇದರ ವಿಚಾರಣೆ ನಿತ್ಯ ನಡೆಯುತ್ತಿತ್ತು. "ಹಣಿ ಗಂಟಂದ್ರ ನಸೀಬ್ರಿ. ಸುಮ್ನ ಒಗಿತಾರೇನು? ಹುಬ್ಬಳ್ಳ್ಯಾಗ ಅದಕ್ಕ ರೇಟ್ ಐತಂತ." "ಮತ್ತ ಫುಕಟ ಯಾಕ ತಗೀತಾರ ಅಂದಿ?"

ಈ ಮಾತು ಕಿವಿಗೆ ಬಿದ್ದ ಮೇಲೆ ವೈದ್ಯರು ಹೊಸ ಕ್ರಮವೊಂದನ್ನು ಹಾಕಿಕೊಂಡರು. ಹೊಲಿಗೆ ಮುಗಿದೊಡನೆ ಮನೆಯ ಹಿರಿಯರೊಬ್ಬರನ್ನು ಒಳಗೆ ಕರೆದು, ಟ್ರೇಯಲ್ಲಿಟ್ಟ ಗಂಟನ್ನು ಅವರ ಕಣ್ಣೆದುರೇ ಸೀಳಿ ತೋರಿಸಿ, ಆಮೇಲೆ ಬಾಟಲಿಗೆ ಹಾಕುವುದು. ಒಳಗೆ ಸಾಮಾನ್ಯವಾಗಿ ಹಳದಿ ಕೊಬ್ಬು. "ಇಷ್ಟನ?" ಎಂದು ಹಿರಿಯರು ಬೇಸರದಿಂದ ಹೊರಬರುತ್ತಿದ್ದರು. ಸಂಶಯಕ್ಕೆ ಇದು ಸಿದ್ಧೌಷಧವೆಂದು ಎಲ್ಲರೂ ತಿಳಿದೆವು.

ಗಂಗಾವತಿಗೆ ವರ್ಗವಾದ ಮೇಲೆ ಹತ್ತಿರದ ಮರಳಿ ಎಂಬ ಹಳ್ಳಿಯಿಂದ ಪಕ್ಕೀರಪ್ಪ ಬಂದರು. ಭತ್ತ ಕೊಯ್ಯುವ ಯಂತ್ರ ಓಡಿಸುವ, ನಲವತ್ತರ ಆಸುಪಾಸಿನವರು. ಹುಬ್ಬಿನ ತುದಿಯಲ್ಲಿ ಹುಟ್ಟಿನಿಂದಲೇ ಇದ್ದ ಗಂಟು ದಪ್ಪವಾಗಿ ರೆಪ್ಪೆಯ ಮೇಲೆ ಇಳಿಬಿದ್ದಿತ್ತು. ಶಸ್ತ್ರಕ್ರಿಯೆ ಸಸೂತ್ರವಾಗಿ ಮುಗಿಯಿತು. ಕ್ರಮದಂತೆ ತಾಯಿ ಮುದುಕವ್ವನನ್ನು ಒಳಗೆ ಕರೆದು ಗಂಟನ್ನು ಸೀಳಿದರು. ಒಳಗೆ ಗಿಣ್ಣಿನಂಥ ಪದಾರ್ಥ, ಅದರೊಳಗೆ ಕೂದಲು!

"ಇದು ಆಕೀದ!" ಎಂದು ಮುದುಕವ್ವ ಚೀರಿದರು. "ತಲಿ ಬಾಚಿ ಕೂದಲಾ ಎಲ್ಲಿ ಒಗೀತಿ ಅಂತ ಅವತ್ತ ಕೇಳಿದ್ದೆ. ಮಾಟ ಮಾಡ್ಯಾಳ ನನ್ನ ಮಗಗ!"

ಆಕೆ ಎಂದರೆ ಕಿರಿಯ ಮಗನ ಹೆಂಡತಿ, ಆ ಹೊತ್ತು ಹೊರಗಿನ ಬೆಂಚಿನ ಮೇಲೆ ಬುತ್ತಿ ಹಿಡಿದು ಕುಳಿತಿದ್ದ ಶಿವಲಿಂಗಮ್ಮ.

"ಯವ್ವಾ," ಎಂದರು ವೈದ್ಯರು, "ಕೂಸು ಹೊಟ್ಟ್ಯಾಗಿದ್ದಾಗ ಮುಖ ಕೂಡೂ ಹೊತ್ತಿಗೆ ಒಂದೀಟು ತೊಗಲು ಒಳಗ ಸಿಕ್ಕೊಂಡು ಉಳೀತೈತಿ. ಅದು ಅಲ್ಲೇ ಕೂದಲಾ ಬೆಳಸ್ತೈತಿ. ಇದು ನಿಮ್ಮ ಮಗನ ಕೂದಲ."

"ಅಂದ್ರ ನನ್ನ ಹೊಟ್ಟ್ಯಾಗಿಂದ ಬಂತಾ? ನನ್ನ ಮಗಗ ನಾನ ಮಾಟ ಮಾಡೀನೇನು?"

"ಮಾಟನ ಅನ್ನೂದಾದ್ರ ಹಂಗ ಆಗ್ತೈತಿ ನೋಡ್ರಿ. ಶಿವಲಿಂಗಮ್ಮ ಆಗ ಹುಟ್ಟೇ ಇರಲಿಲ್ಲ."

ತರ್ಕ ನಿಷ್ಕಳಂಕವಾಗಿತ್ತು, ಆದ್ದರಿಂದಲೇ ಯಾರೂ ಒಪ್ಪಲಿಲ್ಲ. ಮುದುಕವ್ವ ನನ್ನ ಕಿಟಕಿಗೆ ಬಂದು, ದನಿ ತಗ್ಗಿಸಿ, "ಸಾಹೇಬರಿಗೂ ಆಕಿ ಏನೋ ತಿನಿಸಿರಬೇಕ್ರಿ" ಎಂದರು. ಗಂಟು ನಿರಪಾಯಕಾರಿಯೆಂದು ಪರೀಕ್ಷೆಯ ವರದಿ ಬಂದಾಗ, "ಕಾಗದದ ಮ್ಯಾಲ ಏನ ಬೇಕಾದ್ರೂ ಬರೀತಾರ" ಎಂದರು.

ಹೊಲಿಗೆ ಬಿಚ್ಚಿಸಲು ಬಂದ ಪಕ್ಕೀರಪ್ಪ ಉಳಿದದ್ದನ್ನು ಹೇಳಿದರು. ಶಿವಲಿಂಗಮ್ಮನನ್ನು ಒಲೆಯ ಹತ್ತಿರ ಬಿಡುತ್ತಿಲ್ಲ, ಆಕೆ ಮುಟ್ಟಿದ ನೀರನ್ನೂ ಯಾರೂ ಕುಡಿಯುತ್ತಿಲ್ಲ; ಭಾನುವಾರ ತವರಿಗೆ ಬಿಟ್ಟು ಬರುವುದೆಂದು ತೀರ್ಮಾನವಾಗಿದೆ, ತಿರುಗಿ ಕರೆತರುವ ಮಾತಿಲ್ಲ. "ಅವ್ವಗ ನಾ ಹೆಂಗ ಎದುರ ಮಾತಾಡ್ಲಿರಿ?" ಎಂದು, ಈಗ ಪೂರ್ತಿ ತೆರೆಯುತ್ತಿದ್ದ ಕಣ್ಣನ್ನು ಒರೆಸಿಕೊಂಡರು.

ಭಾನುವಾರ ಬೆಳಿಗ್ಗೆ ವೈದ್ಯರು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮರಳಿಗೆ ಹೊರಟರು. ಪಕ್ಕೀರಪ್ಪನವರ ಪಡಸಾಲೆಯಲ್ಲಿ ಶಿವಲಿಂಗಮ್ಮನ ಬಟ್ಟೆಯ ಗಂಟು ಸಿದ್ಧವಾಗಿತ್ತು. ವೈದ್ಯರು ಅದರ ಪಕ್ಕದಲ್ಲಿಯೇ ಕುಳಿತು, "ಹಸಿವ್ಯಾಗೇತಿ. ಶಿವಲಿಂಗಮ್ಮನ ಕೈ ರೊಟ್ಟಿ ತಿಂದ ಹೋಗ್ತೀನಿ" ಎಂದರು. ಮದ್ದು ಹಾಕುವ ಕೈಯೆಂದು ಹೆಸರಾದ ಕೈ ಹಿಟ್ಟು ನಾದಿತು. ನೆರೆಯವರ ತಲೆಗಳು ಗೋಡೆಯ ಮೇಲೆ ಸಾಲಾಗಿ ಮೂಡಿದವು. ವೈದ್ಯರು ಬದನೆಕಾಯಿ ಪಲ್ಯವನ್ನು ಹೊಗಳಿ, "ಇನ್ನೊಂದು ಹಾಕವ್ವಾ ತಂಗಿ" ಎಂದರು.

"ಸಾಕ್ರಿ ಸಾಹೇಬ್ರ," ಎಂದರು ಮುದುಕವ್ವ ಗಾಬರಿಯಿಂದ. "ನಿಮಗೇನರ ಆದ್ರ ಊರ ಮಂದಿ ನಮ್ಮನ್ನ ಬಿಡಂಗಿಲ್ಲ."

"ನಾಳೆ ದವಾಖಾನಿಗೆ ಬಂದು ನೋಡ್ರಿ. ಅಲ್ಲೀ ತನಕ ಆಕೀನ ಎಲ್ಲೂ ಕಳಸಬ್ಯಾಡ್ರಿ."

ಎರಡನೆಯ ತಟ್ಟೆ ನನ್ನ ಮುಂದೆ ಬಂತು. ವಿಜ್ಞಾನದ ಪಕ್ಷದಲ್ಲಿದ್ದುದರಿಂದ ತಿಂದೆ.

ಸೋಮವಾರ ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಮುದುಕವ್ವ ಮೆಟ್ಟಿಲ ಮೇಲಿದ್ದರು. ವೈದ್ಯರು ಯಾರದೋ ಕುತ್ತಿಗೆಯ ಮೇಲೆ ಬಾಗಿದ್ದವರು ತಲೆ ಎತ್ತದೆ, "ಜೀವಂತ ಅದೀನವ್ವಾ" ಎಂದರು. ಮುದುಕವ್ವ ಅವರ ಕೈಯನ್ನು ನೋಡಿದರು, ಕಣ್ಣನ್ನು ನೋಡಿದರು, ಮಾತನ್ನು ಪರೀಕ್ಷಿಸಲು ಎರಡು ಪ್ರಶ್ನೆ ಕೇಳಿದರು, ಆಮೇಲೆ ನನ್ನ ನಾಲಿಗೆಯನ್ನೂ ಹೊರಚಾಚಿಸಿ ನೋಡಿ ಬಸ್ಸಿಗೆ ನಡೆದರು.

ಅಬ್ದುಲರೌಫರು ಇನ್ನು ಕುಷ್ಟಗಿಯಲ್ಲಿ ಚಿಕ್ಕದೊಂದು ದವಾಖಾನೆ ತೆರೆಯಲಿದ್ದಾರೆ. ಅವರ ಕೈ ನಡುಗದಿರಲಿ, ದೃಷ್ಟಿ ಮಸುಕಾಗದಿರಲಿ, ಗಂಟುಗಳ ಮೇಲಿನ ಅವರ ಅಪನಂಬಿಕೆ ತಗ್ಗದಿರಲಿ. ಆಯುಷ್ಯವನ್ನು ಭಗವಂತ ಧಾರಾಳವಾಗಿ ಕೊಡಲಿ. ಮರಳಿಯಲ್ಲಿ ಆ ಸೋಮವಾರ ಮಧ್ಯಾಹ್ನ ಶಿವಲಿಂಗಮ್ಮ ಬಡಿದ ರೊಟ್ಟಿಯನ್ನು ಮುದುಕವ್ವ ಉಂಡರು. ಶಿವಲಿಂಗಮ್ಮ ತವರಿಗೆ ಹೋಗಲಿಲ್ಲ.