ಗುಡುಗುಸಹಿತ ಸುಳ್ಳು

ನನ್ನ ಗಂಟಲಿನಲ್ಲಿ ಊರಿನ ಅರ್ಧ ಜನ ಬಾಡಿಗೆಗಿದ್ದಾರೆ. ಗಜೇಂದ್ರಗಡ ಬಸ್ ಸ್ಟ್ಯಾಂಡಿನಲ್ಲಿ ‘ರೋಣಾ, ರೋಣಾ, ನರೇಗಲ್’ ಎಂದು ಕೂಗುವ ಕಂಡಕ್ಟರು, ಮೂಗಿನಲ್ಲೇ ಪಾಠ ಹೇಳುತ್ತಿದ್ದ ಗಣಿತದ ಮಾಸ್ತರು, ಸೀನುವ ಮೊದಲು ಮನೆಯವರನ್ನೆಲ್ಲ ಹೆದರಿಸುವ ನಮ್ಮಪ್ಪ. ಇತ್ತೀಚೆಗೆ ಸೇರಿಕೊಂಡವನು ರೇಡಿಯೋದಲ್ಲಿ ಹವಾಮಾನ ಓದುವವನು. ಅವನಿಂದಲೇ ನಾನು ಕೆಟ್ಟೆ. ಅಲ್ಲ, ನನ್ನಿಂದ ಅವನು ಕೆಟ್ಟ.

ಈ ಸಲ ಬೇಸಿಗೆ ಮುಗಿಯುವ ಮೊದಲೇ ಗಾಳಿಮಳೆ ಶುರುವಾಗಿ ಹಿತ್ತಲಿನ ಲೆಕ್ಕವೆಲ್ಲ ತಲೆಕೆಳಗಾಯಿತು. ಮೋಡ ಕಂಡರೆ ನಾನು ಮೆಂತ್ಯ ಬಿತ್ತುವುದನ್ನು ಮುಂದೂಡುತ್ತೇನೆ, ಬಿಸಿಲು ಕಂಡರೂ ಮುಂದೂಡುತ್ತೇನೆ. ಪಕ್ಕದ ಮನೆಯ ಪಾರಕ್ಕ ಹಾಗಲ್ಲ. ದಿನವಿಡೀ ಮಗ್ಗದಲ್ಲಿ ಸೀರೆ ನೇಯ್ದು, ಸಂಜೆ ಹಿತ್ತಲಿಗಿಳಿದು, ಗೋಡೆಯಾಚೆಯಿಂದಲೇ ನಮ್ಮ ರೇಡಿಯೋಗೆ ಕಿವಿಗೊಟ್ಟು ಇವತ್ತು ಏನು ನೆಡಬೇಕು, ಏನು ಬಿಡಬೇಕು ಎಂದು ತೀರ್ಮಾನಿಸುವವರು.

ಒಂದು ಸಂಜೆ ಅವರು ಹೀರೆ ಹಂದರದ ಕೆಳಗೆ ನಿಂತಿದ್ದಾಗ ನಮ್ಮ ರೇಡಿಯೋ ಬಂದ್ ಇತ್ತು, ನನ್ನ ಬಾಯಿ ಚಾಲೂ ಇತ್ತು. “ಮುಂದಿನ ಇಪ್ಪತ್ನಾಲ್ಕು ಗಂಟೆಗಳಲ್ಲಿ ಬಿರುಗಾಳಿ, ಗುಡುಗುಸಹಿತ ಮಳೆಯಾಗುವ ಸಾಧ್ಯತೆಯಿದೆ” ಎಂದು ಒಳಗಿನಿಂದಲೇ ಆ ಹವಾಮಾನದವನ ದನಿಯಲ್ಲಿ ಓದಿದೆ. ನಮ್ಮ ಕಡೆ ಯಾರೂ ‘ಸಾಧ್ಯತೆಯಿದೆ’ ಎನ್ನುವುದಿಲ್ಲ. ‘ಬಂದ್ರ ಬರಬಹುದು’ ಎನ್ನುತ್ತೇವೆ, ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಪುಸ್ತಕದ ಕನ್ನಡಕ್ಕೆ ಇಸ್ತ್ರಿ ಮಾಡಿದ ಅಂಗಿಯ ಮರ್ಯಾದೆ. ಒಳಗೆ ಯಾರಿದ್ದಾರೆಂದು ಯಾರೂ ಇಣುಕುವುದಿಲ್ಲ.

ಪಾರಕ್ಕ ಬೆರಳುದ್ದದ ಹೀರೆಕಾಯಿಗಳನ್ನೆಲ್ಲ ಕಿತ್ತರು. ಗಾಳಿಗೆ ಸಿಗದಿರಲೆಂದು ಹಂದರ ಇಳಿಸಲು ಹೋಗಿ ಬಳ್ಳಿಯನ್ನೇ ಮುರಿದುಕೊಂಡರು. ಮರುದಿನ ಸಂಜೆಯಾದರೂ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಮಳೆ ಪಕ್ಕದೂರು ಪುರ್ತಗೇರಿ ಕಡೆ ಹೋಗಿರಬೇಕು ಎಂದು ರೇಡಿಯೋದವನ ಪರವಾಗಿ ಅವರೇ ವಾದಿಸಿದರು. ಊಟದ ಹೊತ್ತಿಗೆ ನನಗೂ ಒಂದು ಬಟ್ಟಲು ಎಳೆ ಹೀರೆಯ ಪಲ್ಯ ಬಂತು. ತಿಂದೆ. ರುಚಿಯಾಗಿತ್ತು. ನಾಚಿಕೆಯ ವಿಷಯ ಅದೇ.

ಇನ್ನು ಉಳಿದದ್ದು ಅವರು ತಗಡಿನ ಡಬ್ಬಿಗಳಲ್ಲಿ ಎಬ್ಬಿಸಿದ್ದ ಬದನೆ ಸಸಿ ಮಾತ್ರ. ಅದೂ ಹೋದರೆ ಈ ಮಳೆಗಾಲಕ್ಕೆ ಅವರ ಹಿತ್ತಲು ಬರಿದು. ಕೆಲವು ದಿನ ಬಿಟ್ಟು ಅವರು ಮಣ್ಣಿನ ಮಡಿ ಮಾಡಿ ಸಸಿ ನೆಡಲು ಕೂತಾಗ ನನ್ನ ಮೊಬೈಲಿಗೆ ನಿಜವಾದ ಎಚ್ಚರಿಕೆಯೇ ಬಂತು. ಗೋಡೆಗೆ ಓಡಿದೆ.

“ಪಾರಕ್ಕಾ, ಇವತ್ತ ಬದನಿ ಅಗಿ ಹಚ್ಚಬ್ಯಾಡ್ರಿ. ಖರೇನ ಗಾಳಿ ಮಳಿ ಬರತೈತ್ರಿ.”

“ನಿನ್ನ ಮಾತು ಕೇಳಿದ್ರ ಹಿತ್ತಲಾ ಮಾಡಿದಂಗ ಆತು. ರೇಡಿಯೋದಾಂವ ಹೇಳ್ಲಿ, ತಡಿ.”

ಅವತ್ತಿನ ರೇಡಿಯೋದವನು ನಾನೇ ಎಂದು ಹೇಳಿಬಿಡಬೇಕಿತ್ತು. ಬಾಯಿಯನ್ನೂ ತೆರೆದೆ. ಅವರು ಬೈದು ಮುಗಿಸುವಷ್ಟರಲ್ಲಿ ಮಳೆಯೇ ಬಂದೀತು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡು, ಒಳಗೆ ಹೋಗಿ ಕಿಟಕಿಯ ಮರೆಯಲ್ಲಿ ನಿಂತು ಮತ್ತೆ ‘ಸಾಧ್ಯತೆಯಿದೆ’ ಎಂದೆ. ಪಾರಕ್ಕ ಕೂಡಲೇ ಡಬ್ಬಿಗಳನ್ನೆಲ್ಲ ಮಗ್ಗದ ಕೋಣೆಗೆ ಸಾಗಿಸಿದರು. ಕತ್ತಲಾಗುವಷ್ಟರಲ್ಲಿ ಗಾಳಿ ನಮ್ಮ ಬಚ್ಚಲಿನ ತಗಡನ್ನು ಓಣಿಯ ಆ ತುದಿಗೆ ಒಯ್ದಿತ್ತು.

ಬೆಳಿಗ್ಗೆ ಸಸಿಗಳು ನೆಟ್ಟಗಿದ್ದವು, ತಲೆ ಬಗ್ಗಿಸಿದ್ದವನು ನಾನೊಬ್ಬನೇ. ಪಾರಕ್ಕ ಗೋಡೆಯಾಚೆಯಿಂದ ಅಂದರು: “ರೇಡಿಯೋದಾಂವ ಒಮ್ಮಿ ತಪ್ಪಿದ್ರೂ ತಿದ್ದಿಕೊಂಡ. ನೀ ಯಾವಾಗ ತಿದ್ದಿಕೋತೀಯೋ ತಮ್ಮಾ?”

ಅದಕ್ಕೇ ಈ ತಪ್ಪೊಪ್ಪಿಗೆಯನ್ನು ಪುಸ್ತಕದ ಕನ್ನಡದಲ್ಲಿ ಬರೆದಿದ್ದೇನೆ, ನೀವಾದರೂ ನಂಬುತ್ತೀರಿ. ಪಾರಕ್ಕನಿಗೆ ಮಾತ್ರ ಇದನ್ನು ನಮ್ಮ ಮಾತಿನಲ್ಲಿ, ನನ್ನದೇ ದನಿಯಲ್ಲಿ ಹೇಳಬೇಕು. ಅಭ್ಯಾಸ ಮಾಡುತ್ತಿದ್ದೇನೆ. ಇಷ್ಟು ಕಷ್ಟದ ದನಿಯನ್ನು ನಾನು ಈವರೆಗೆ ಅನುಕರಿಸಿಲ್ಲ.