ಡೂಗಲ್‌ನ ಹಡಗು ಸಿದ್ಧತೆ
ಕಡಲಂಚಿನ ಊರಾದ ವೊಲಾಂಗಾಂಗ್‌ನ ಡೂಗಲ್‌ಗೆ ಪುಟ್ಟ ಮಕ್ಕಳನ್ನು ಹಡಗಿನಲ್ಲಿ ಫಿಜಿಗೆ ಕರೆದೊಯ್ಯುವುದೆಂದರೆ ದಂಡು ಹೊರಡಿಸಿದಷ್ಟೇ ಗಂಭೀರ ಕೆಲಸ. ತಿಂಗಳುಗಟ್ಟಲೆ ಮೊದಲೇ ಅಂಗಳದಲ್ಲಿ ಸೀಮೆಸುಣ್ಣದಿಂದ ಹಡಗಿನ ಕ್ಯಾಬಿನ್ ಅಳತೆಯ ಚೌಕ ಬರೆದು, ಹೆಂಡತಿ ಕೆರಿನ್‌ಳನ್ನೂ ಮಕ್ಕಳನ್ನೂ ಅದರೊಳಗೆ ನಿಲ್ಲಿಸಿ, "ಜಗಳ ಆಡೋದಾದ್ರೆ ಇಷ್ಟರಲ್ಲೇ ಆಡ್ಬೇಕು, ಅಭ್ಯಾಸ ಮಾಡ್ಕೊಳ್ಳಿ" ಎನ್ನುವನು. ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸುತ್ತದೆಯೇ ಎಂದು ನೋಡಲು ಕಿರಿಮಗನಿಗೆ ಓಟ್ಸ್ ಗಂಜಿ ತಿನ್ನಿಸಿ ಉಯ್ಯಾಲೆ ತೂಗುವನು, ಗಂಜಿಯೆಲ್ಲ ತನ್ನ ಅಂಗಿಯ ಮೇಲೆ ವಾಪಸು ಬಂದರೆ, "ಈಗ್ಲೇ ಗೊತ್ತಾಯ್ತಲ್ಲ!" ಎಂದು ಹಿಗ್ಗುವನು. "ಕ್ಯಾಪ್ಟನ್ ಸಾಹೇಬ್ರೆ, ಮೊದ್ಲು ಆ ಅಂಗಿ ಒಗೀರಿ" ಎಂದು ಕೆರಿನ್ ಛೇಡಿಸುವಳು. ಒಂದು ಶನಿವಾರ ಅವಳು ಮಗಳು ಟಿಲ್ಲಿಯ ಈಜು ತರಗತಿಗೆ ಹೇಳದೆ ಹೋದಾಗ, ಐದು ವರ್ಷದ ಮಕ್ಕಳ ಸಾಲಿನ ಕೊನೆಯಲ್ಲಿ ತೇಲುಹಲಗೆ ಹಿಡಿದು ಕಾಲು ಬಡಿಯುತ್ತಿದ್ದವನು ಡೂಗಲ್! ಕಡಲತೀರಕ್ಕೆ ಹೋದಾಗಲೆಲ್ಲ ಬಿಸಿಲಿನ ನೆಪ ಹೇಳಿ ಎಲ್ಲರ ಬಟ್ಟೆ ಕಾಯುತ್ತ ಕೂರುತ್ತಿದ್ದ ಒಳನಾಡಿನಲ್ಲಿ ಹುಟ್ಟಿ ಬೆಳೆದ ಈ ಗಂಡನಿಗೆ ಈಜೇ ಬಾರದೆಂದು ಅವಳಿಗೆ ತಿಳಿದದ್ದು ಅಂದೇ. "ಮಕ್ಕಳು ನೀರಿಗೆ ಬಿದ್ರೆ ಹಾರ್ಬೇಕಾದೋನು ನಾನೇ ತಾನೆ?" ಎಂದ ಅವನು, ಮೂಗಿಗೆ ಹೋದ ನೀರನ್ನು ಸೀನುತ್ತ. ಕೆರಿನ್‌ಗೆ ಗೇಲಿ ಮಾಡಲು ಮನಸ್ಸಾಗಲಿಲ್ಲ. ಚಪ್ಪಲಿ ಕಳಚಿ ಕೊಳದಂಚಿನಲ್ಲಿ ಕುಳಿತು, "ಮಂಡಿ ಮಡಚ್ಬೇಡ ಕಣೋ, ಕಾಲು ನೆಟ್ಟಗಿಟ್ಟು ಬಡಿ" ಎಂದಳು.