ಎಂಜಿನ್ ತಣಿಯುವ ಎಂಟು ನಿಮಿಷ

ನನ್ನ ಬಸ್ಸಿನ ಎಂಜಿನ್ ದಿನಾ ಬೆಳಗ್ಗೆ ಶಾಂತಕ್ಕನ ಹೋಟೆಲಿನ ಮುಂದೆಯೇ ಬಿಸಿಯಾಗುತ್ತದೆ. ಅದು ತಣಿಯಲು ಎಂಟು ನಿಮಿಷ ಬೇಕು. ಒಂದು ಕಾಫಿ ಕುಡಿಯಲೂ ಅಷ್ಟೇ ಹೊತ್ತು ಬೇಕಾಗುವುದು ನನ್ನ ತಪ್ಪಲ್ಲ.

ನಾನು ಜಾವಳಿಯಿಂದ ಮೂಡಿಗೆರೆಗೆ ಕಾಲೇಜು ಬಸ್ ಓಡಿಸುವವನು. ಓದಿದ್ದು ಏಳನೆಯವರೆಗೆ. ತಂಗಿ ಸುಮಾ ಅದೇ ಕಾಲೇಜಿನ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ಓದುತ್ತಾಳೆ. ನಮ್ಮ ದಾರಿಗೆ ಇನ್ನೊಂದು ಬಸ್ ಬೇಕೆಂದು ತೋರಿಸಲು ಅವಳೊಂದು ನಕ್ಷೆ ಮಾಡಿದಳು. ನಕ್ಷೆಯ ಮೇಲೆ ಕಂಪ್ಯೂಟರೇ ಬಸ್ ಓಡಿಸಿ ನೋಡುತ್ತದೆ. ಅದಕ್ಕೆ ಸಿಮ್ಯುಲೇಶನ್ ಎನ್ನುತ್ತಾರಂತೆ. ಡೀಸೆಲ್ ಬೇಡ, ಡ್ರೈವರೂ ಬೇಡ. ನಮ್ಮ ಕಡೆ ದೂರವನ್ನು ಅಳೆಯುವುದು ತಿರುವುಗಳಲ್ಲಿ. ಆ ಕಂಪ್ಯೂಟರ್ ಬಸ್ ಮಾತ್ರ ಒಂದು ತಿರುವಿನಲ್ಲೂ ಹಾರ್ನ್ ಮಾಡುವುದಿಲ್ಲ.

ನನಗಿದ್ದದ್ದು ಒಂದೇ ಕೆಲಸ. ಪ್ರತಿ ಸ್ಟಾಪಿನಲ್ಲಿ ಎಷ್ಟು ಮಕ್ಕಳು ಹತ್ತಿದರೋ ಅಷ್ಟು ಸಲ ಅವಳು ನನ್ನ ಮೊಬೈಲಿನಲ್ಲಿ ಹಾಕಿಕೊಟ್ಟ ಗುಂಡಿ ಒತ್ತುವುದು. ಮೊದಲ ದಿನ ಒತ್ತಿದೆ. ಎರಡನೆಯ ದಿನದಿಂದ ಮನಸ್ಸಿನಲ್ಲೇ ಎಣಿಸಿಕೊಂಡು ಬಂದು, ಹೋಟೆಲಿನ ಬೆಂಚಿನ ಮೇಲೆ ಕೂತು ಒಟ್ಟಿಗೆ ನಲವತ್ತೆರಡು ಸಲ ಒತ್ತಿಬಿಡುತ್ತಿದ್ದೆ.

"ಅದೇನ್ ಮಾರಾಯ, ಜಪ ಮಾಡ್ತಿದ್ದೀಯಾ? ಕಾಫಿ ಆರೋಗತ್ತೆ, ಕುಡಿ," ಎನ್ನುತ್ತಿದ್ದಳು ಶಾಂತಕ್ಕ.

ಲೆಕ್ಕದಲ್ಲಿ ಒಂದು ತಲೆಯೂ ತಪ್ಪಿರಲಿಲ್ಲ. ಆದರೆ ಒತ್ತಿದ ಜಾಗವನ್ನೂ ಮೊಬೈಲ್ ಬರೆದುಕೊಳ್ಳುತ್ತದೆಂದು ನನಗೆ ಹೊಳೆದಿರಲಿಲ್ಲ. ಅಣ್ಣ ಕೊಟ್ಟ ಲೆಕ್ಕವೆಂದು ಸುಮಾ ಅದನ್ನು ಮತ್ತೆ ತೆಗೆದು ನೋಡಿರಲಿಲ್ಲ.

ಪ್ರಿನ್ಸಿಪಾಲರ ಮುಂದೆ ಪರದೆಯ ಮೇಲೆ, ಹಿಂದಿನ ದಿನದ ಲೆಕ್ಕ ಹಿಡಿದು ಬಸ್ ಹೊರಟಿತು. ಜಾವಳಿಯಲ್ಲಿ ನಿಲ್ಲಲಿಲ್ಲ. ಮುಂದಿನ ಯಾವ ಸ್ಟಾಪಿನಲ್ಲೂ ನಿಲ್ಲಲಿಲ್ಲ. ನೆಟ್ಟಗೆ ಹೋಟೆಲಿಗೆ ಬಂದು ನಲವತ್ತೆರಡು ಚುಕ್ಕೆಗಳನ್ನು ಹತ್ತಿಸಿಕೊಂಡಿತು.

"ಏನಮ್ಮಾ, ಬೆಳಗಾದ್ರೆ ಊರಿನ ಮಕ್ಕಳೆಲ್ಲ ಹೋಟ್ಲಲ್ಲೇ ಇರ್ತಾರಾ? ಇದಕ್ಕೆ ಇನ್ನೊಂದು ಬಸ್ ಬೇರೆ ಕೊಡ್ಬೇಕಾ?" ಎಂದರು ಪ್ರಿನ್ಸಿಪಾಲರು.

ಅಲ್ಲಿ ಕೂತಿದ್ದ ಮೇಷ್ಟ್ರುಗಳೆಲ್ಲ ನಕ್ಕರು. ಸುಮಾ ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

"ನಾನೇ ತಪ್ಪು ಮಾಡ್ದೆ ಸಾರ್. ಒಂದು ತಿಂಗಳು ಕೊಡಿ," ಎಂದಳು.

ಹೊರಗೆ ಬಂದ ಮೇಲೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಆ ತಿಂಗಳು ಪೂರ್ತಿ ಪ್ರತಿ ಸ್ಟಾಪಿನಲ್ಲೂ ಬಸ್ ನಿಲ್ಲಿಸಿ, ಒಬ್ಬೊಬ್ಬರನ್ನೂ ನೋಡಿ ಒತ್ತಿದೆ. ಇಷ್ಟು ವರ್ಷ ಬರೀ ಕನ್ನಡಿಯಲ್ಲಿ ಕಂಡಿದ್ದ ಮಕ್ಕಳ ಮುಖ ಆಗ ಗುರುತಾಯಿತು.

ಎರಡನೆಯ ಸಲ ಪರದೆಯ ಬಸ್ ಎಲ್ಲ ಕಡೆ ನಿಂತು ಮಕ್ಕಳನ್ನು ಹತ್ತಿಸಿಕೊಂಡಿತು; ಅರ್ಧ ದಾರಿಗೇ ಸೀಟೆಲ್ಲ ತುಂಬಿಹೋಯಿತು. ಕೊನೆಗೆ ಹೋಟೆಲಿನ ಮುಂದೆ ಎಂಟು ನಿಮಿಷ ಸುಮ್ಮನೆ ನಿಂತಿತು.

"ಇಲ್ಲಿ ಯಾರು ಹತ್ತೋದು?" ಎಂದು ಕೇಳಿದರು ಪ್ರಿನ್ಸಿಪಾಲರು.

"ಯಾರೂ ಇಲ್ಲ ಸಾರ್," ಎಂದಳು ಸುಮಾ. "ಎಂಜಿನ್ ತಣಿಯತ್ತೆ."

ಎರಡನೆಯ ಬಸ್ ಬಂದಿದೆ. ಮೊದಲ ತಪ್ಪು ಯಾರದೆಂದು ಪ್ರಿನ್ಸಿಪಾಲರಿಗೆ ನಾನಿನ್ನೂ ಹೇಳಿಲ್ಲ. ಒಂದು ದಿನ ಹೋಟೆಲಿನ ಮುಂದೆ ನಿಲ್ಲಿಸದೆ ಎಂಟು ನಿಮಿಷ ಮುಂಚೆ ಕಾಲೇಜು ಮುಟ್ಟಿದರೆ, ಅವರ ಕೋಣೆಗೆ ಹೋಗಿ ಹೇಳಿಬರಲು ಬೇಕಾದಷ್ಟು ಸಮಯವಿದೆ. ದಿನಾ ಹಾಗೆಂದುಕೊಂಡೇ ಹೊರಡುತ್ತೇನೆ. ಆದರೆ ಎಂಜಿನ್ ತಣಿಯಬೇಕಲ್ಲ.